ಹೊರಬಾಗಿಲಿನ ಟೈಲರ್

ನಗರಸಭೆಯ ಹುಡುಗ ಟೇಪು ಮರೆತು ಬಂದಿದ್ದ.
ನನ್ನದನ್ನೇ ಕೊಟ್ಟೆ. ಅರವತ್ತು ಇಂಚಿನ ಹಳದಿ ಟೇಪು,
ತುದಿಯ ತಗಡಿನ ಜೊತೆ ಮೊದಲ ಇಂಚೂ ಹರಿದುಹೋದದ್ದು.
ಎದೆ, ಸೊಂಟ, ತೋಳು ಬಿಟ್ಟು
ಬೇರೇನನ್ನೂ ಅಳೆದದ್ದಲ್ಲ.
ಇವತ್ತು ಲಾಜಿನ ಗೋಡೆ ಅಳೆಯಿತು:
ದಪ್ಪ, ಎರಡಡಿ ನಾಲ್ಕಿಂಚು.
ಒಂದಿಂಚು ಕಳಿ ಮಾರಾಯ, ಅಂದೆ.

ಕೋಡಿಬಾಗ ರಸ್ತೆಯಲ್ಲಿ ಲಾಜು ಅಂದರೆ
ಊಟ ವಸತಿಯ ಬೋರ್ಡು ತೋರಿಸುತ್ತಾರೆ.
ತಲೆ ಕಡಿಯೋ ಬಂಗ್ಲೆ ಅನ್ನಿ,
ಮಕ್ಕಳೂ ಕರೆತಂದು ಬಿಡುತ್ತಾರೆ ಇಲ್ಲಿಗೆ.
ಕೆಳಗೆ ಮೂರು ಅಂಗಡಿ. ಬಲೆಯ ನೂಲಿನದು ತಾಂಡೇಲರದು,
ನಡುವಿನದಕ್ಕೆ ಯಾವಾಗಲೂ ಬೀಗ, ಕೊನೆಯದು ನನ್ನದು.
ಈ ಬಾಡಿಗೆಯಲ್ಲೇ ಅವರು
ಮೇಲಿನ ಹಾಲಿಗೆ ಮೇಣದಬತ್ತಿ ಕೊಳ್ಳುತ್ತಿದ್ದರಂತೆ.

ಹುಣ್ಣಿಮೆಗೊಮ್ಮೆ ಬರುವರು:
ಕಸ್ಟಮ್ಸಿನ ಸಾಹೇಬ, ಮರದ ಡಿಪೋದ ರೇಂಜರು,
ಇಬ್ಬರು ವಕೀಲರು, ಹಡಗಿನ ಏಜೆಂಟ ಒಬ್ಬ ಪಾರ್ಸಿ.
ಹುಣ್ಣಿಮೆ ಯಾಕೆ? ಬಲಿಗೆ, ಎಂದಿತು ಊರು.
ತಿರುಗಿ ಹೋಗುವಾಗ ದಾರಿ ಕಾಣಲಿ ಅಂತ, ಎಂದ ಅಜ್ಜ.
ಊರಿನ ಮಾತೇ ಉಳಿಯಿತು.

ಅಜ್ಜ ಬಾಬ್ಲೊ ನಾಯ್ಕ, ಬಾಗಿಲ ಹೊರಗೆ ಕತ್ತಿ ಹಿಡಿದು ನಿಲ್ಲುವವ.
ಆ ಕೆಲಸಕ್ಕೆ ಅವರಲ್ಲಿ ಹೆಸರು ಟೈಲರ್.
ಯಾಕೋ, ಅವರಿಗೇ ಗೊತ್ತು.
ಮರುದಿನವೇ ಬಂತು ಹರಿದ ಅಂಗಿ.
ಆಮೇಲೆ ಪಾಯಿಜಾಮ, ಹಾಯಿಪಟದ ತುಂಡು,
ಪಾದ್ರಿಯ ನಿಲುವಂಗಿ.
ನಾನು ಆ ಟೈಲರ್ ಅಲ್ಲವೋ ಅಂತ ಒಂದು ತಿಂಗಳು ಕೂಗಿದ.
ಅಜ್ಜಿ ದ್ವಾರ್ಕಿ ಮೂಗುಬೊಟ್ಟು ಅಡವಿಟ್ಟು
ಗೋವೆಯ ಖಲಾಸಿಯಿಂದ ಕೈಮಶೀನು ತಂದಳು.
ಹುಣ್ಣಿಮೆಗೆ ಅವನು ಕತ್ತಿ ಹಿಡಿದು ಮೇಲೆ,
ಇವಳು ಕಂದೀಲು ಹಚ್ಚಿ ಕೆಳಮೆಟ್ಟಿಲಲ್ಲಿ.
ಒಮ್ಮೆ ಸಾಹೇಬನ ಏಪ್ರನ್ನೇ ಬಂತು, ಕುರಿಮರಿ ಚರ್ಮದ್ದು.
ಗುಟ್ಟು ಸಿಕ್ಕಿತಾ ಅಜ್ಜೀ, ಅಂತ ಎಷ್ಟು ಸಲ ಕೇಳಿದ್ದೇನೆ.
ಒಳ್ಳೇ ಚರ್ಮ, ಕೆಟ್ಟ ಹೊಲಿಗೆ.
ಅಷ್ಟೇ ಹೇಳುತ್ತಿದ್ದಳು.

ಹುಡುಗ ಬರೆದುಕೊಂಡ: ಚಿರೆಕಲ್ಲು, ಚಿಪ್ಪಿನ ಸುಣ್ಣ,
ಎದುರಿಗೆ ಎರಡು ಕಂಬ, ತಲೆಯ ಮೇಲೆ ಒಂದೊಂದು ಗುಂಡು,
ಹೊರೆ ಏನೂ ಇಲ್ಲ.
ಮಹಡಿಗೆ ಏಳು ಕಿಟಕಿ.
ಏಳಲ್ಲ, ಅಂದೆ. ಒಂದೂ ಇಲ್ಲ.
ಸಾಗವಾನಿ ಚೌಕಟ್ಟು, ಪಟ್ಟಿ ಬಾಗಿಲು, ಹಿತ್ತಾಳೆ ತಿರುಗಣೆ
ಎಲ್ಲ ಇದೆ, ಹಿಂದೆ ಗೋಡೆ.
ಮದುವೆಯ ಕೋಟಿಗೆ ನಾವು ಇಡುವುದಿಲ್ಲವೇ,
ಮುಚ್ಚಳ ಮಾತ್ರದ ಜೇಬು,
ಮದುಮಗ ಕೈ ಹಾಕಿ ಬೆಪ್ಪಾಗುವುದು?

ಕೋರ್ಟಿನಿಂದ ಬಂದ ಬೀಗದಕೈ ಅವನ ಹತ್ತಿರ.
ಐವತ್ತೆಂಟು ವರ್ಷ ಇದರಡಿ ಕೂತವಳು
ಮೊದಲ ಸಲ ಹತ್ತಿದೆ.
ಮೂರು ಮೆಟ್ಟಿಲು, ತಿರುವು. ಐದು, ತಿರುವು. ಏಳು.
ನೆಲ ಕಪ್ಪು ಬಿಳಿ ಚೌಕ, ಬಾವಲಿಗಳ ಹಿಕ್ಕೆ,
ನೀಲಿ ಮಾಡಿಗೆ ಮೊಳೆ ಹೊಡೆದ ತಗಡಿನ ನಕ್ಷತ್ರ,
ಅರ್ಧ ಉದುರಿವೆ.
ಪೂರ್ವದ ಗೋಡೆಗೆ ದೊಡ್ಡ ಕುರ್ಚಿ.
ಕೂತವನ ಮುಖ ನೇರ ಪಶ್ಚಿಮಕ್ಕೆ,
ಕಡಲು ಅಲ್ಲೇ, ಎರಡಡಿ ಮೂರಿಂಚಿನ ಆಚೆ.
ಅಲೆಯ ಸದ್ದು ಕೇಳಿಸುತ್ತದೆ. ಕಾಣುವುದಿಲ್ಲ.
ಕಾರವಾರಕ್ಕೆ ಬಂದು ಹೀಗೂ ಕೂರುತ್ತಾರಾ ಯಾರಾದರೂ?

ಇಳಿಯುವಾಗ ನೋಡಿದೆ,
ಬಾಗಿಲ ಪಕ್ಕ, ಹೊರಗಡೆ, ಗಾರೆ ನುಣುಪಾಗಿ ಸವೆದಿದೆ
ಒಂದು ಬೆನ್ನಿನಗಲ.
ಇಪ್ಪತ್ತೆರಡು ವರ್ಷ ಕೋಣೆಗೆ ಬೆನ್ನು ಹಾಕಿ
ಬರುವವರ ಮುಖ ನೋಡಿದ ಜಾಗ.
ನಾನು ಕತ್ತರಿ ಹಿಡಿಯುವ ಮೊದಲೇ ಹೋದ ಅಜ್ಜ;
ಅವನಿಗೆ ಏನೂ ಹೊಲಿದಿಲ್ಲ.
ಟೇಪು ವಾಪಸು ಕೇಳಿದೆ.

ಇದನ್ನೂ ಬರೆಯಲಾ ಅಮ್ಮ, ಎಂದ ಹುಡುಗ.
ಬೇಡ, ಅದು ಕಟ್ಟಡದ್ದಲ್ಲ.
ಕೆಳಗೆ ಯಾರೋ ಬೊಬ್ಬೆ: ಟೈಲರ್‌ಬಾಯಿ, ಬ್ಲೌಸು ಆಯ್ತಾ?
ಇಳಿದು ಬಂದು ಬಿಲ್ ಬುಕ್ಕು ತೆರೆದು ಬರೆದೆ:
ಭುಜ, ಹದಿನೇಳೂವರೆ.
ಒಂದಿಂಚು ಕಳೆಯಬೇಕಿತ್ತು.
ಕಳೆಯಲಿಲ್ಲ.