ತೊಂಬತ್ತೈದರ ಒಳಗೆ

ಮೊದಲ ಸಲ ತೊಂಬತ್ತೆಂಟು ಬಂತು.
ರೊವೇನಾ ಮೀಟರು ತಿರುಗಿಸಿ ತೋರಿಸಿದಳು,
ನಪಾಸಾದವನಿಗೆ ಅಂಕಪಟ್ಟಿ ಹಿಡಿದ ಟೀಚರಿನ ಹಾಗೆ.
ಮಿತಿ ತೊಂಬತ್ತೈದು.
"ಮೂರೇ ತಾನೆ?" ಅಂದ ಖಲ್ಫಾನ್.

ಮೂರು ಅಂದರೆ ಮೂರಲ್ಲ ಸಾಹೇಬರೇ.
ಈ ಲೆಕ್ಕದಲ್ಲಿ ಅದು ಅರ್ಧಕ್ಕರ್ಧ:
ನಿಮ್ಮ ಕಾರಿನ ಪಕ್ಕ ಅಂಥದೇ ಇನ್ನೊಂದು ನಿಂತು
ಒಟ್ಟಿಗೆ ಕೂಗಿದ ಹಾಗೆ.
ಎರಡರಲ್ಲಿ ಒಂದನ್ನು ಸುಮ್ಮನಾಗಿಸಬೇಕು.

ಟ್ರ್ಯಾಕಿನ ಬೇಲಿಯಾಚೆ ಹೊಸ ವಿಲ್ಲಾಗಳು ಎದ್ದಿವೆ.
ಮೊದಲು ಅಲ್ಲಿ ಒಂಟೆಗಳಿದ್ದವು.
ಒಂಟೆಗಳು ದೂರು ಕೊಡುತ್ತಿರಲಿಲ್ಲ.

ಶಾರ್ಜಾದ ಶೆಡ್ಡು. ಆಗಸ್ಟು. ಶಟರು ಅರ್ಧ ಇಳಿಸಿ
ಹಳೆಯ ಸೈಲೆನ್ಸರಿನ ಹೊಟ್ಟೆ ಕೊಯ್ದೆ.
ಒಳಗೆ ಗಾಜಿನ ಹತ್ತಿ ಸುಟ್ಟು ಕರಕಲು,
ನಡುವೆ ಕೊಳವೆ, ಶ್ಯಾವಿಗೆ ಒತ್ತುವ ಬಿಲ್ಲೆಯಂತೆ ಮೈತುಂಬ ತೂತು.
ಶಬ್ದ ಆ ತೂತುಗಳಲ್ಲಿ ನುಸುಳಬೇಕು,
ಹತ್ತಿಯೊಳಗೆ ದಾರಿ ತಪ್ಪಬೇಕು,
ತಪ್ಪಿ ತಪ್ಪಿ ಬರೀ ಬಿಸಿಯಾಗಿ ಉಳಿಯಬೇಕು.
ಅಷ್ಟೇ ವಿದ್ಯೆ.

ಹೊಸ ಹತ್ತಿ ತುಂಬಿದೆ, ಮೊಣಕೈವರೆಗೆ ತುರಚಿ ಸೊಪ್ಪಿನ ಉರಿ.
ಪೇಂಟರ್ ಗುಲ್‌ಜಮಾನ್ ಬಾಗಿಲಲ್ಲಿ ನಿಂತು ನಕ್ಕ:
"ಏನಯ್ಯಾ, ಹುಲಿಗೆ ಪಿಸುಗುಡಲು ಕಲಿಸುತ್ತೀಯಾ?"
ಫೋನಿನಲ್ಲಿ ಖಲ್ಫಾನ್: ಒಂದು ಕುದುರೆಯೂ ಕಮ್ಮಿಯಾಗಬಾರದು.
ಐನೂರು ಕುದುರೆಗಳ ಬಾಯಿಗೆ ಒಟ್ಟಿಗೇ ಕೈ ಅಡ್ಡ ಹಿಡಿಯುವುದು,
ಒಂದಕ್ಕೂ ಉಸಿರುಕಟ್ಟದ ಹಾಗೆ.

ಕೊಳವೆಯ ಎರಡೂ ತುದಿಗೆ ಟೇಪು ಸುತ್ತಿ ಒಳಗೆ ಆರ್ಗಾನ್ ಬಿಟ್ಟೆ.
ಗಾಳಿ ಸೋಂಕಿದರೆ ಒಳಗಿನ ಬೆಸುಗೆ
ಸಕ್ಕರೆಯ ಹಾಗೆ ಕಾಳುಗಟ್ಟಿ ಉದುರುತ್ತದೆ.
"ಬಾಯಿ ಬಿಟ್ಟರೆ ಬಣ್ಣಗೇಡು" ಅನ್ನುತ್ತಿದ್ದ ಗ್ರೆಗರಿ ಮೇಸ್ತ್ರಿ.
ಗಾದೆ ಅಲ್ಲ ಅದು,
ಕಿನ್ನಿಗೋಳಿಯ ಶೆಡ್ಡಿನಲ್ಲಿ ನನಗೆ ಕೊಟ್ಟ ಮೊದಲ ಪಾಠ.
ಸರಿಯಾಗಿ ಬಂತು: ಒಣಹುಲ್ಲು, ಅಂಚಿಗೆ ನೇರಳೆ,
ಆಮೇಲೆ ನವಿಲಿನ ಕುತ್ತಿಗೆ.

ರಾತ್ರಿ ಶೆಡ್ಡಿನ ಮೀಟರನ್ನು ಜೇಬಿನಲ್ಲಿಟ್ಟು ರೂಮಿಗೆ ತಂದೆ.
ಏಸಿ: ಅರವತ್ತೊಂದು.
ಉಪ್ಪಳದ ಮೂಸಕ್ಕನ ಗೊರಕೆ: ಎಪ್ಪತ್ತೆರಡು.
(ಮಿತಿಯೊಳಗೇ ಇದ್ದಾನೆ, ಬಿಡಿ.)
ಒಂದು ಗಳಿಗೆ ಕಂಪ್ರೆಸರ್ ನಿಂತಿತು, ಮೂಸಕ್ಕ ಮಗ್ಗುಲಾದ.
ಮೇಲಿನ ಮಂಚದಲ್ಲಿ ಹೊದಿಕೆಯೊಳಗೆ ಹೊಸ ಹುಡುಗ ಫೋನಿಗೆ ಏನೋ ಹೇಳಿದ.
ಮೂವತ್ತೆಂಟು.
ಏನೆಂದು ಕೇಳಿಸಲಿಲ್ಲ, ಅಂಕಿ ಮಾತ್ರ ಕಂಡೆ,
ಅದೂ ಕಳ್ಳತನ ಅನ್ನಿಸಿ ಮೀಟರು ಮಗುಚಿ ಹಾಕಿದೆ.

ಆಮೇಲೆ ಎತ್ತಿ ಬಲಗಿವಿಗೆ ಒತ್ತಿ ನೋಡಿದೆ.
ಹದಿನೇಳು ವರ್ಷ ಗ್ರೈಂಡರು ಹಿಡಿದದ್ದಕ್ಕೆ
ಅಲ್ಲೊಂದು ಸಿಳ್ಳೆ ಕೂತಿದೆ, ಹಗಲೂ ರಾತ್ರಿಯೂ.
ಮೀಟರು ಅದನ್ನು ಹಿಡಿಯಲಿಲ್ಲ.

ಬೆಳಿಗ್ಗೆ ಆರಕ್ಕೆ ಮತ್ತೆ ಟ್ರ್ಯಾಕು.
ಅರ್ಧ ಮೀಟರು ದೂರ, ಓರೆಯಾಗಿ,
ಸೂಜಿ ನಾಲ್ಕೂವರೆ ಸಾವಿರದಲ್ಲಿ.
ತೊಂಬತ್ತಾರು.
ಯಾರೂ ಏನೂ ಅನ್ನಲಿಲ್ಲ.
ಚೀಲದಿಂದ ಮೊಣಕೈ ಬಾಗಿದ ತುಂಡೊಂದು ತೆಗೆದೆ,
ರಾತ್ರಿ ಬಿಲ್ಲಿಗೆ ಬರೆಸದೆ ಮಾಡಿಟ್ಟದ್ದು.
ತುದಿಗೆ ಸಿಕ್ಕಿಸಿ ಮುಖವನ್ನು ನೆಲಕ್ಕೆ ತಿರುಗಿಸಿದೆ.
ತಲೆ ತಗ್ಗಿಸಿದರೆ ಒಂದೂವರೆ ಕಮ್ಮಿ. ನನಗೆ ಗೊತ್ತಿರುವ ಲೆಕ್ಕ.
ತೊಂಬತ್ತನಾಲ್ಕು ಪಾಯಿಂಟ್ ಐದು.
ರೊವೇನಾ ಹಸಿರು ಸ್ಟಿಕ್ಕರು ಅಂಟಿಸಿದಳು.

ಖಲ್ಫಾನನ ಮುಖ ಮಾತ್ರ ಗೆದ್ದವನದಲ್ಲ.
"ಇದು ನನ್ನ ಕಾರು ಅನ್ನಿಸುತ್ತಿಲ್ಲ" ಅಂದ, ಹೆಲ್ಮೆಟ್ಟು ತೊಟ್ಟ, ಹೋದ.

ನಾನು ಬೇಲಿಯ ಹತ್ತಿರ ನಿಂತೆ.
ಕೂಗು ಇಳಿದ ಜಾಗದಲ್ಲಿ ಬೇರೆಯವು ಇದ್ದವು:
ಟೈರು ಮರಳು ಅಗಿಯುವುದು,
ತಿರುವಿನಲ್ಲಿ ಗೇರು ಹಲ್ಲು ಕಡಿಯುವುದು,
ಬ್ರೇಕಿನ ಸಣ್ಣ ನರಳು.
ಇಷ್ಟು ದಿನ ಎಲ್ಲಿದ್ದವೋ.

ಆಚೆ ವಿಲ್ಲಾದ ಮಹಡಿಯಲ್ಲಿ ಕೆಲಸದಾಕೆಯೊಬ್ಬಳು
ಬಟ್ಟೆ ಹರವುತ್ತಿದ್ದಳು.
ಕಾರು ಅವಳ ಕೆಳಗೇ ಹಾದುಹೋಯಿತು.
ತಲೆ ಎತ್ತಲಿಲ್ಲ.
ಒದ್ದೆ ಚಾದರವೊಂದನ್ನು ಛಟ್ಟನೆ ಒದರಿದಳು.
ಎಡಗಿವಿಗೆ ಕೇಳಿಸಿತು.