ಕುತೈಸಿಯಲ್ಲಿ ಊಟಕ್ಕೆ ದಾರಿ

ಸೇತುವೆ ದಾಟಿ, ಬೂಟು ಹೊಲಿಯುವವನ ಪಕ್ಕ
ಏಳು ಮೆಟ್ಟಿಲು ಇಳಿಯಿರಿ. ತಲೆ ಜೋಪಾನ.
ಬೋರ್ಡಿಲ್ಲ. ಇದ್ದ ಬೋರ್ಡು ಕದ್ದವನ್ಯಾರೆಂದು
ನನಗೆ ಗೊತ್ತು, ಬಿಡಿ.

ಮೆನು ಕೇಳಬೇಡಿ, ನಾತೆಲಾ ಸಿಡುಕುತ್ತಾಳೆ.
ಚೀಸು ತುಂಬಿದ ರೊಟ್ಟಿ ಊರೆಲ್ಲ ಸಿಗುತ್ತೆ;
ಇಲ್ಲಿ ಲೋಬಿಯೋ ತಿನ್ನಿ,
ಮಣ್ಣಿನ ಕುಡಿಕೆಯಲ್ಲಿ
ಬೆಳಗಿನಿಂದ ಕುದ್ದ ಕೆಂಪು ಕಾಳು,
ಅಕ್ರೋಟು, ಕೊತ್ತಂಬರಿ,
ನಂಜಿಕೊಳ್ಳಲು ಉಪ್ಪಲ್ಲಿ ನೆನೆದ ಕಾಡುಮೊಗ್ಗು.
ಮೆಕ್ಕೆಜೋಳದ ರೊಟ್ಟಿ ಮುರಿದು ಅದ್ದಿ.
ಇನ್ನೊಂದು ಕುಡಿಕೆ ಬೇಕೆನ್ನುವ ಮೊದಲೇ
ತಂದು ಕುಕ್ಕುತ್ತಾಳೆ.

ವಖ್ತಾಂಗ್ ಕಳಿಸಿದ ಅನ್ನಬೇಡಿ, ಅಷ್ಟೇ.
ಹನ್ನೊಂದು ವರ್ಷ ಆ ಒಲೆಗೆ ಸೌದೆ ಒಡೆದವನು ನಾನು.
ಬೋರ್ಡು ಈಗ ನನ್ನ ಡಿಕ್ಕಿಯಲ್ಲಿದೆ:
ಅದರಲ್ಲಿ ನನ್ನ ಹೆಸರೂ ಇತ್ತಲ್ಲ!

ಹೋಗಿಬನ್ನಿ. ಮೀಟರು ನಿಲ್ಲಿಸಿ ಕಾಯುತ್ತೇನೆ.
ಅಂಗಿ ಮೇಲೆ ಸೋರಿದರೆ
ಒರೆಸಿಕೊಳ್ಳಬೇಡಿ.