ತಲೆಕೆಳಗಾಗಿ ಓದುವವಳು

ಅಪ್ಪನಿಂದ ಕಲಿತದ್ದು ಅದೊಂದೇ, ಅನ್ನುತ್ತಿದ್ದಳು ಅಟ್ರಾಕ್ಟಾ:
ಅಕ್ಷರ ತಲೆಕೆಳಗಾಗಿ ನಿಂತರೂ ಓದುವುದು.
ಸ್ಲೈಗೋದ ಕಡೆಯ ಒಂದು ಶಾಲೆ, ಚುನಾವಣೆಯ ಮರುದಿನ,
ಮತ ಎಣಿಸುವವರ ಮೇಜಿಗೂ ಊರಿಗೂ ನಡುವೆ ಒಂದು ಕಟಕಟೆ.
ಅದರ ಮೇಲೆ ಹೊಟ್ಟೆಯೂರಿ ಬಾಗಿ, ಮೊಂಡು ಪೆನ್ಸಿಲು ಹಿಡಿದು
ಆಚೆ ಬಿಚ್ಚಿಕೊಳ್ಳುವ ಒಂದೊಂದು ಚೀಟಿಯನ್ನೂ
ಬುಡದಿಂದ ಮೇಲಕ್ಕೆ ಓದಿ ಗೀಟೆಳೆಯುತ್ತಿದ್ದ ಮುದುಕ ಗಿಲ್‌ಮಾರ್ಟಿನ್:
ಮೊದಲ ಆಯ್ಕೆ ಯಾರು, ಎರಡನೆಯದು ಯಾರು,
ಮೂರನೆಯದರಲ್ಲಿ ಯಾವ ಬೀದಿ ಯಾರಿಗೆ ಕೈ ಕೊಟ್ಟಿತು.
ಐದು ಗೀಟಿಗೊಂದು ಕಟ್ಟು.
ಅಧಿಕಾರಿ ಮೈಕಿನ ಮುಂದೆ ಕೆಮ್ಮುವ ಮೊದಲೇ
ಅವನ ಸಿಗರೇಟು ಪೊಟ್ಟಣದ ಬೆನ್ನಿಗೆ ಗೆದ್ದವರ ಹೆಸರು ಗೊತ್ತು.
ಅವನ ಕಂಕುಳ ಸಂದಿಯಿಂದ ಇಣುಕುತ್ತಿದ್ದವಳಿಗೆ ಆಗ ಒಂಬತ್ತು.

ನಾನು ಅವಳಿಗೆ ಅಕ್ಷರ ಉರುಳಿಸುತ್ತಿದ್ದವನು.
ಡಬ್ಲಿನ್ನಿನ ಸ್ಟುಡಿಯೋದಲ್ಲಿ, ಕ್ಯಾಮೆರಾದ ಮೂತಿಗೆ ಕಟ್ಟಿದ ಗಾಜು,
ಹಳದಿ ಕಾಗದದ ಸುರುಳಿ, ನನ್ನ ಬಲಗೈಗೊಂದು ತಿರುಗಣೆ.
ಸಂಜೆ ಆರಕ್ಕೆ ದೇಶಕ್ಕೆಲ್ಲ ಇಗರ್ಜಿಯ ಗಂಟೆ ಕೇಳಿಸಿ
ಒಂದು ನಿಮಿಷ ಕಳೆದರೆ ಅವಳ ಮುಖ.
(ಮೇಜಿನ ಕೆಳಗೆ ಅಣ್ಣನ ಉಣ್ಣೆ ಕಾಲುಚೀಲ. ಅದು ದೇಶಕ್ಕೆ ಗೊತ್ತಿಲ್ಲ.)
ಇಪ್ಪತ್ತೆರಡು ವರ್ಷ ಅವಳ ಉಸಿರಿಗೆ ನನ್ನ ಹೆಬ್ಬೆರಳು ತಾಳ.
ಅವಳು ನಿಂತರೆ ನಾನು ನಿಲ್ಲಬೇಕು,
ನಾನು ಓಡಿದರೆ ಅವಳು ಕೆಟ್ಟಳು.

ಮೊದಮೊದಲು ಮೂಟೆಗಟ್ಟಲೆ ಕಾಗದ:
ಆ ಕಿವಿಯೋಲೆ ತೆಗೆಸಿ. ಹೆಂಗಸಿನ ಬಾಯಲ್ಲಿ ಯುದ್ಧ ಚೆನ್ನಾಗಿರೋದಿಲ್ಲ.
ಮಾತಿಗೆ ಪಶ್ಚಿಮದ ಗೊಬ್ಬರದ ವಾಸನೆ.
ಮೇಲಿನವರು ಒಬ್ಬ ಮೇಷ್ಟ್ರನ್ನಿಟ್ಟರು, ನಾಲಿಗೆ ತೊಳೆಯಲಿಕ್ಕೆ.
ತೊಳೆಸಿಕೊಂಡಳು, ಆರು ವಾರ, ತುಟಿ ಪಿಟಕ್ಕೆನ್ನದೆ.
ಊರಿನ ಹೆಸರುಗಳನ್ನು ಮಾತ್ರ ಅವನ ಕೈಗೆ ಕೊಡಲಿಲ್ಲ.
ಬಾಲಿಸಡೇರ್, ಟಬ್ಬರ್‌ಕರಿ, ಎನಿಸ್‌ಕ್ರೋನ್
ಬಂದಾಗೆಲ್ಲ ಟೀವಿಯಲ್ಲಿ ಅವಳಪ್ಪನ ಬಾಯಿ.

ಒಂದು ನವೆಂಬರು. ಅವಳೂರಿನ ಬೆಣ್ಣೆ ಕಾರ್ಖಾನೆ ಮುಚ್ಚಿದ ಸುದ್ದಿ.
ಕೆಲಸ ಕಳೆದುಕೊಂಡವರು ಇನ್ನೂರ ಹನ್ನೊಂದು
ಎಂದವಳು ನಿಂತಳು.
ಅಲ್ಲಿ ಅಲ್ಪವಿರಾಮ ಇರಲಿಲ್ಲ, ನಾನೇ ಅಂಟಿಸಿದ ಸುರುಳಿ ಅದು.
ಅವಳ ಕಿವಿಯೊಳಗೆ ಸಂಪಾದಕ ಕಿರುಚಿದ, ನನಗೂ ಕೇಳಿಸಿತು.
ತಿರುಗಣೆ ಹಿಡಿದೇ ಇದ್ದೆ. ಒಂದು. ಎರಡು. ಮೂರು.
ಆಮೇಲೆ ಅವಳು ಓದಿದಳು, ಇಸ್ತ್ರಿ ಹಾಕಿದ ದನಿಯಲ್ಲಿ:
ಈ ನಿರ್ಧಾರ ಅನಿರೀಕ್ಷಿತ ಎಂದಿದ್ದಾರೆ ಮಂತ್ರಿಗಳು.

ಮಂತ್ರಿಗಳ ಮೇಜಿನ ಮೇಲೆ, ಆಗಸ್ಟಿನಲ್ಲಿ, ಸಂದರ್ಶನಕ್ಕೆ ಮೊದಲು
ಚಹಾ ಲೋಟದ ಅಡಿಯಲ್ಲಿ ಅದೇ ಕಾರ್ಖಾನೆಯ ಹೆಸರು,
ಕೆಳಗೊಂದು ಸಹಿ, ತಾರೀಖು. ಅವಳ ಕಡೆಗೆ ತಲೆಕೆಳಗಾಗಿ.
ನೋಡಿದ್ದು ಒಂದು ಜೊತೆ ಕಣ್ಣು, ಸಾಕ್ಷಿಗೆ ಅದು ಸಾಲದು.
ಹೇಳಲಿಲ್ಲ. ಮನೆಗೆ ಹೋಗಿ ಗೀಟು ಹಾಕಿಟ್ಟಳಂತೆ.
ಐದಕ್ಕೊಂದು ಕಟ್ಟು.

ಕಟ್ಟುಗಳೆಲ್ಲ ಸೇರಿ ಪುಸ್ತಕವಾಗಲು ಹದಿನಾರು ವರ್ಷ ಹಿಡಿಯಿತು.
ನಾಲ್ಕುನೂರು ಪುಟ, ಆ ಸರ್ಕಾರದ ಹುಟ್ಟು, ಬೇನೆ, ಸಾವು.
ಬಿಡುಗಡೆಯ ಸಂಜೆ ಬೆಚ್ಚಗಾಗಿಹೋದ ಬಿಳಿ ವೈನು.
ಮಾಜಿಗಳೆಲ್ಲ ಬಂದಿದ್ದರು, ಹೊಸ ಹಲ್ಲು ಕಟ್ಟಿಸಿಕೊಂಡು,
ಒಬ್ಬೊಬ್ಬರೂ ಕೊನೆಯ ಪುಟದಿಂದ ಶುರು:
ಸೂಚಿಯಲ್ಲಿ ತಮ್ಮ ಹೆಸರೆಲ್ಲಿ, ಎಷ್ಟು ಸಲ.
ಅವರೂ ತಿರುವುಮುರುವು ಓದುವವರೇ.
ನಾನೂ ನೋಡಿದೆ, ಸುಳ್ಳೇಕೆ.
ಮಂತ್ರಿಯ ನಾಯಿಗೆ ಎರಡು ಪುಟ ಸಿಕ್ಕಿತ್ತು.
ಲೋರ್ಕನ್ ಡೆವಿನ್ ಎಂಬವನು ಆ ದೇಶದಲ್ಲಿ ಇರಲೇ ಇಲ್ಲ.
ಸಹಿ ಹಾಕುವಾಗ ಅವಳು ತಲೆಯೆತ್ತಿ, ನಿನ್ನ ಹೆಬ್ಬೆರಳು ಹೇಗಿದೆ, ಅಂದಳು.
ಸಂಧಿವಾತ, ಅಂದೆ. ಸಾಲು ಮುಂದೆ ಸರಿಯಿತು.

ರಾತ್ರಿ ಹಾಸಿಗೆಯಲ್ಲಿ ಓದುತ್ತ ಬಂದೆ. ನವೆಂಬರು ಬಂತು.
ಕೆಲಸ ಕಳೆದುಕೊಂಡವರು ಇನ್ನೂರ ಹನ್ನೊಂದು

ಅಲ್ಲಿ ಒಂದು ಸಾಲು ಖಾಲಿ. ಅಚ್ಚಿನ ತಪ್ಪಲ್ಲ.
ಕಂಬಳಿಯ ಮೇಲೆ ನನ್ನ ಕೈ ತಾನಾಗಿ ನಿಂತಿತು.
ದೀಪ ಆರಿಸಬಾರದೆ, ಪುಟ ತಿರುಗಿಸುತ್ತಲೇ ಇಲ್ಲವಲ್ಲ ನೀನು,
ಅಂದಳು ಹೆಂಡತಿ ಮಗ್ಗುಲಾಗಿ.
ತಡಿ, ಅಂದೆ,
ಅವಳಿನ್ನೂ ಉಸಿರೆಳೆದುಕೊಂಡಿಲ್ಲ.